ದೂರದ ಭಯ, ದಿನದ ಲೆಕ್ಕ

ವ್ಯಾಪಾರದಲ್ಲಿ ನುರಿತವನು ಯಾವ ಸರಕನ್ನೂ ತೂಗದೆ ಕೊಳ್ಳುವುದಿಲ್ಲ. ಆದರೆ ಮನೆಗೊಂದು ವಾಹನವನ್ನು ಕೊಳ್ಳುವ ಸಂದರ್ಭ ಬಂದಾಗ ಅದೇ ಮನುಷ್ಯನು ತಕ್ಕಡಿಯನ್ನು ಬದಿಗಿಟ್ಟು, ಕಿವಿಗೆ ಬಿದ್ದ ಮಾತನ್ನೂ ನೆರೆಮನೆಯ ಡೌಲನ್ನೂ ತನ್ನ ಒಳಗಿನ ಅಂಜಿಕೆಯನ್ನೂ ನೆಚ್ಚಿಕೊಂಡುಬಿಡುತ್ತಾನೆ. ಇದು ಯಾರೊಬ್ಬರ ದೋಷವೂ ಅಲ್ಲ. ಮನುಷ್ಯ ಸ್ವಭಾವವೇ ಹಾಗೆ. ವಿದ್ಯುತ್ತಿನಿಂದ ಓಡುವ ಕಾರು ಮಾರುಕಟ್ಟೆಗೆ ಬಂದ ಮೇಲೆ ಈ ಸ್ವಭಾವವು ಇನ್ನಷ್ಟು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಿದೆ. ಅದನ್ನು ಬೇಡವೆನ್ನುವವರೂ ಬೇಕೆನ್ನುವವರೂ ಬಹುಮಟ್ಟಿಗೆ ತಮ್ಮ ಅಗತ್ಯವೆಷ್ಟೆಂಬುದನ್ನು ಅಳೆಯದೆಯೇ ಮಾತನಾಡುತ್ತಾರೆ. ಗಂಗಾವತಿಯ ಒಂದು ಮನೆಯಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಬಲ್ಲುದು.

ಗಂಗಾವತಿಯು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿಕೊಂಡ ಊರು. ಅಲ್ಲಿ ಅಕ್ಕಿಯ ವ್ಯಾಪಾರ ಮಾಡಿಕೊಂಡಿರುವ ಗೃಹಸ್ಥರೊಬ್ಬರು ಅರವತ್ತು ದಾಟಿದವರು. ಮನೆಯಲ್ಲಿ ಹನ್ನೆರಡು ವರ್ಷಗಳಿಂದ ಒಂದು ಡೀಸೆಲ್ ಕಾರು ಇತ್ತು. 2024ರ ಮುಂಗಾರಿನ ಹೊತ್ತಿಗೆ ಅದು ಪದೇ ಪದೇ ಗ್ಯಾರೇಜಿನ ಮುಖ ನೋಡತೊಡಗಿದಾಗ ಹೊಸದೊಂದನ್ನು ತರುವ ಮಾತು ಬಂದಿತು. ಕೊಪ್ಪಳದ ಕಾಲೇಜೊಂದರಲ್ಲಿ ಬೋಧಿಸುತ್ತಿರುವ ಮಗಳು ಈ ಸಲ ವಿದ್ಯುತ್ ಕಾರನ್ನೇ ನೋಡೋಣವೆಂದಳು. ತಂದೆಯ ಉತ್ತರ ಸಿದ್ಧವಾಗಿಯೇ ಇತ್ತು: "ನಡು ದಾರ್ಯಾಗ ನಿಂತರ ಯಾರನ್ನ ಕರೀಲವ್ವಾ? ಶ್ರವಣಬೆಳಗೊಳಕ್ಕ ಹೋಗೂದಾದ್ರ ಹೆಂಗ?"

ಆ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಗಂಗಾವತಿಯಿಂದ ಶ್ರವಣಬೆಳಗೊಳವು ಮುನ್ನೂರು ಕಿ.ಮೀ.ಗೂ ಮೀರಿದ ದಾರಿ. ಆದರೆ ಮಗಳು ಅದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. "ಅಪ್ಪಾ, ಅಂಗಡಿ ಲೆಕ್ಕ ನೀವು ಎಂದೂ ಬಾಯಾಗ ಇಟ್ಟವರಲ್ಲ. ಗಾಡಿ ಲೆಕ್ಕ ಯಾಕ ಬಾಯಾಗ ಇಟ್ಟೀರಿ?" ಎಂದಷ್ಟೇ ಕೇಳಿ, ಒಂದು ಖಾಲಿ ನೋಟುಬುಕ್ಕನ್ನು ಅವರ ಮುಂದಿಟ್ಟಳು. ಜುಲೈ ಮೊದಲ ದಿನದಿಂದ ಸೆಪ್ಟೆಂಬರ್ ಕೊನೆಯ ದಿನದವರೆಗೆ ಕಾರು ಪ್ರತಿದಿನ ಎಷ್ಟು ಓಡಿತು, ಎಲ್ಲಿಗೆ ಓಡಿತು, ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು ಎಂಬುದನ್ನು ಬರೆಯಬೇಕೆಂದು ನಿಶ್ಚಯವಾಯಿತು. ಜೀವಮಾನವೆಲ್ಲ ಕೀರ್ದಿ ಖಾತೆ ಬರೆದ ಕೈಗೆ ಅದೇನೂ ಹೊರೆಯಾಗಲಿಲ್ಲ.

ಮೂರು ತಿಂಗಳು ಕಳೆದ ಬಳಿಕ ಒಟ್ಟು ಮಾಡಿ ನೋಡಿದಾಗ ಅವರಿಗೇ ಆಶ್ಚರ್ಯವಾಯಿತು. 92 ದಿನಗಳಲ್ಲಿ 71 ದಿನ ಕಾರು 40 ಕಿ.ಮೀ. ಕೂಡ ಓಡಿರಲಿಲ್ಲ, ಮನೆ, ಗಿರಣಿ, ಎಪಿಎಂಸಿ, ಮತ್ತೆ ಮನೆ, ಇಷ್ಟೇ. 17 ದಿನ ಕೊಪ್ಪಳ, ಹೊಸಪೇಟೆ ಎಂದು ಹೋಗಿಬರುವಷ್ಟರಲ್ಲಿ ನೂರರ ಆಸುಪಾಸು ಆಗಿತ್ತು. ಉಳಿದ 4 ದಿನ ಮಾತ್ರ ನಿಜವಾದ ದೂರ ಪ್ರಯಾಣದ ದಿನಗಳು: ಎರಡು ಸಲ ಹುಬ್ಬಳ್ಳಿಗೆ ಹೋಗಿ ಅಂದೇ ಮರಳಿದ್ದು, ಒಂದು ಸಲ ಶ್ರವಣಬೆಳಗೊಳಕ್ಕೆ ಹೋದ ದಿನ ಮತ್ತು ಬಂದ ದಿನ. ತಾನು ಸದಾ ಊರೂರು ತಿರುಗುವವನೆಂದು ಅವರು ತಿಳಿದುಕೊಂಡಿದ್ದರು. ಪುಸ್ತಕವು ಬೇರೆ ಮಾತನ್ನೇ ಹೇಳಿತು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕಾರು ಇಪ್ಪತ್ತೆರಡು ಗಂಟೆಗಳಷ್ಟು ಕಾಲ ನಿಂತೇ ಇರುತ್ತಿತ್ತು.

ಇಲ್ಲಿ ಮನಸ್ಸಿನ ಒಂದು ವಿಚಿತ್ರವನ್ನು ಗಮನಿಸಬೇಕು. ವರ್ಷದಲ್ಲಿ ಮುನ್ನೂರೈವತ್ತು ದಿನ ನಡೆಯುವ ಸಂಗತಿಯು ನೆನಪಿನಲ್ಲಿ ನಿಲ್ಲುವುದಿಲ್ಲ. ಹತ್ತು ಹದಿನೈದು ದಿನ ನಡೆಯುವುದೇ ದೊಡ್ಡದಾಗಿ ಕಾಣುತ್ತದೆ. ದೂರ ಪ್ರಯಾಣದಲ್ಲಿ ತೊಂದರೆಯಾದೀತೆಂಬ ಕಲ್ಪನೆಯು ದಿನನಿತ್ಯದ ಅನುಕೂಲವನ್ನೆಲ್ಲ ಮರೆಸಿಬಿಡುತ್ತದೆ. ಬಂದೊದಗಬಹುದಾದ ನಷ್ಟವು ಅಷ್ಟೇ ಪ್ರಮಾಣದ ಲಾಭಕ್ಕಿಂತ ಮನಸ್ಸಿಗೆ ಹೆಚ್ಚು ಭಾರವಾಗಿ ತೋರುತ್ತದೆಂದು ಮನಶ್ಶಾಸ್ತ್ರಜ್ಞರು ಹೇಳುವುದುಂಟು. ಮದುವೆಯ ಅಡುಗೆಗೆ ಬೇಕಾಗುವ ಹಂಡೆಯನ್ನು ನಿತ್ಯದ ಅನ್ನಕ್ಕಾಗಿ ಒಲೆಯ ಮೇಲೆ ಇಡುವವರಿಲ್ಲ. ವಾಹನದ ವಿಷಯದಲ್ಲಿ ಮಾತ್ರ ಜನರು ಮದುವೆಯ ಹಂಡೆಯನ್ನೇ ಕೊಳ್ಳುತ್ತಾರೆ.

ಈ ಹಿಂಜರಿಕೆ ಇಂದಿನದೇನೂ ಅಲ್ಲ. ವಿದ್ಯುತ್ ಕಾರು ಪೆಟ್ರೋಲ್ ಕಾರಿನ ತಮ್ಮನೆಂದು ಬಹುಮಂದಿ ತಿಳಿದಿದ್ದಾರೆ. ಅವೆರಡೂ ಒಂದೇ ಕಾಲದಲ್ಲಿ ಬೆಳೆದವು. 1899ರಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ರಸ್ತೆವಾಹನವು ವಿದ್ಯುತ್ತಿನದೇ ಆಗಿತ್ತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವು ವಿದ್ಯುತ್ ಕಾರುಗಳು. ಹೊಗೆ, ಸದ್ದು ಇಲ್ಲದ, ಕೈಯಿಂದ ಹಿಡಿಕೆ ತಿರುಗಿಸಿ ಯಂತ್ರ ಹೊರಡಿಸುವ ಶ್ರಮವೂ ಇಲ್ಲದ ಆ ವಾಹನವನ್ನು ತಯಾರಕರು ಸ್ತ್ರೀಯರಿಗೆ ಒಪ್ಪುವ ಕಾರೆಂದು ಪ್ರಚಾರ ಮಾಡಿದರು. ಪೆಟ್ರೋಲ್ ಕಾರುಗಳ ದೊರೆಯೆನಿಸಿದ ಹೆನ್ರಿ ಫೋರ್ಡರ ಪತ್ನಿಯೇ ವಿದ್ಯುತ್ ಕಾರನ್ನು ನಡೆಸುತ್ತಿದ್ದರು. ಆದರೆ ಸ್ತ್ರೀಯರ ವಾಹನವೆಂಬ ಹೆಸರು ಪುರುಷರ ಅಭಿಮಾನಕ್ಕೆ ಹಿಡಿಸಲಿಲ್ಲ. 1908ರಲ್ಲಿ ಫೋರ್ಡರ ಅಗ್ಗದ ಕಾರು ಬಂದಿತು, 1912ರಲ್ಲಿ ಹಿಡಿಕೆ ತಿರುಗಿಸದೆಯೇ ಹೊರಡುವ ಪೆಟ್ರೋಲ್ ಕಾರೂ ಬಂದಿತು, ತೈಲ ಸೋವಿಯಾಯಿತು. ಬೆಲೆ, ದೂರ, ಪ್ರತಿಷ್ಠೆ ಈ ಮೂರೂ ಕೂಡಿ ವಿದ್ಯುತ್ ಕಾರನ್ನು ರಸ್ತೆಯಿಂದ ಸರಿಸಿದವು.

ನಮ್ಮ ನಾಡಿನಲ್ಲಿಯೂ ಇಂಥದೇ ಒಂದು ಕಥೆಯುಂಟು. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು ಚೇತನ್ ಮೈನಿಯವರ ಮುಂದಾಳುತನದಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ರೂಪಿಸಿ 2001ರಲ್ಲಿ ಮಾರಾಟಕ್ಕೆ ತಂದಿತು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕೂರುವಷ್ಟು ಜಾಗ. ಸೀಸ ಮತ್ತು ಆಮ್ಲದ ಬ್ಯಾಟರಿ. ಒಮ್ಮೆ ತುಂಬಿದರೆ ಸುಮಾರು 80 ಕಿ.ಮೀ. ಓಟ. ಬೆಂಗಳೂರಿನ ಒಳಗಿನ ಓಡಾಟಕ್ಕೆ ಅಷ್ಟು ಸಾಕಾಗಿತ್ತು. ಆದರೂ ಹುಟ್ಟಿದೂರಿನಲ್ಲಿ ಅದಕ್ಕೆ ಕೊಳ್ಳುವವರು ಹೆಚ್ಚಾಗಿ ದೊರೆಯಲಿಲ್ಲ. ಬೇರೊಂದು ಹೆಸರಿನಲ್ಲಿ ಲಂಡನ್ನಿಗೆ ಹೋದಾಗ ಹೆಚ್ಚಿನ ಮನ್ನಣೆ ದೊರೆಯಿತು. ಅಲ್ಲಿ 2003ರಿಂದ ನಗರದ ನಡುಭಾಗವನ್ನು ಪ್ರವೇಶಿಸುವ ಕಾರುಗಳು ಸುಂಕ ತೆರಬೇಕಾಗಿತ್ತು. ವಿದ್ಯುತ್ ಕಾರಿಗೆ ಅದರಿಂದ ವಿನಾಯಿತಿ ಇತ್ತು. ದಿನವೂ ತೆರುವ ಸುಂಕವು ಜನರನ್ನು ಲೆಕ್ಕ ಹಾಕುವಂತೆ ಮಾಡಿತು. ಅಪಘಾತವಾದರೆ ಒಳಗಿದ್ದವರಿಗೆ ರಕ್ಷಣೆ ಸಾಲದೆಂಬ ಆಕ್ಷೇಪವೂ ಅಲ್ಲಿಯೇ ಎದ್ದಿತು. ಆ ಆಕ್ಷೇಪವು ಸುಳ್ಳಾಗಿರಲಿಲ್ಲ. 2010ರಲ್ಲಿ ಆ ಸಂಸ್ಥೆಯ ಹೆಚ್ಚಿನ ಪಾಲು ಮಹೀಂದ್ರ ಕಂಪನಿಯ ಕೈಸೇರಿತು. ಕಾಲಕ್ಕಿಂತ ಮೊದಲೇ ಬಂದ ವಸ್ತುವೆಂದು ರೇವಾವನ್ನು ಕೆಲವರು ಹೊಗಳುತ್ತಾರೆ. ಕೊಳ್ಳುವವನು ತನ್ನ ದಿನದ ಓಡಾಟವನ್ನು ಅಳೆಯುವ ಅಭ್ಯಾಸವಿಲ್ಲದ ಕಡೆ ಒಳ್ಳೆಯ ವಸ್ತುವೂ ಮಾರಾಟವಾಗದು ಎಂಬುದು ಅದರ ಪಾಠ.

ರೇವಾದ ಕಾಲಕ್ಕೂ ಇಂದಿಗೂ ಬಹಳ ಅಂತರವಿದೆ. ಲಿಥಿಯಂ ಬ್ಯಾಟರಿಯು ಬಂದ ಮೇಲೆ ಓಟದ ದೂರ ಹೆಚ್ಚಿತು. ಕರ್ನಾಟಕವು ವಿದ್ಯುತ್ ವಾಹನಗಳಿಗಾಗಿ 2017ರಲ್ಲಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ರಾಜ್ಯ. 2019ರ ಆಗಸ್ಟ್‌ನಲ್ಲಿ ಈ ವಾಹನಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. 2020ರ ಜನವರಿಯಲ್ಲಿ ಟಾಟಾ ಕಂಪನಿಯ ನೆಕ್ಸಾನ್ ವಿದ್ಯುತ್ ಕಾರು ಬಂದ ಬಳಿಕ ಜಿಲ್ಲಾ ಕೇಂದ್ರಗಳಲ್ಲಿಯೂ ಇಂಥ ಕಾರುಗಳು ಒಂದೆರಡು ಕಾಣತೊಡಗಿದವು. ಅಷ್ಟಾದರೂ ಗಂಗಾವತಿಯ ಗೃಹಸ್ಥರ ಮನಸ್ಸಿನಲ್ಲಿ ದೂರದ ಭಯ ಕಳೆದ ಕೂಡಲೇ ಬೇರೆ ಭಯಗಳು ಒಂದೊಂದಾಗಿ ಎದ್ದುನಿಂತವು.

ಮೊದಲನೆಯದು ಬೆಂಕಿಯ ಭಯ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದಾದ ಮೇಲೆ ಕೇಂದ್ರ ಸರಕಾರವು ಬ್ಯಾಟರಿಗಳ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿತೆಂಬ ಸುದ್ದಿಯು ಅಷ್ಟು ಜನರಿಗೆ ತಲುಪಲಿಲ್ಲ. ಎರಡನೆಯದು ಬ್ಯಾಟರಿ ಕೆಟ್ಟರೆ ಗತಿಯೇನೆಂಬ ಚಿಂತೆ. ಹಲವು ಕಾರುಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ ತಯಾರಕರ ಖಾತರಿ ಇದೆಯೆಂದು ತಿಳಿದಾಗ ಆ ಚಿಂತೆ ಅರ್ಧಕ್ಕೆ ಇಳಿಯಿತು. ಉಳಿದರ್ಧವು ಒಂಬತ್ತನೆಯ ವರ್ಷದ್ದು: ಆಗ ಹಳೆಯ ಕಾರನ್ನು ಯಾರು ಕೊಂಡಾರು? ಇದಕ್ಕೆ ಗಂಗಾವತಿಯಲ್ಲಿ ಯಾರ ಬಳಿಯೂ ಅನುಭವದ ಉತ್ತರವಿರಲಿಲ್ಲ. ಮೂರನೆಯದು ಮೇಸ್ತ್ರಿಯ ಪ್ರಶ್ನೆ. ಹನ್ನೆರಡು ವರ್ಷಗಳಿಂದ ಕಾರನ್ನು ನೋಡಿಕೊಂಡ ಊರಿನ ಮೇಸ್ತ್ರಿಯು ರಾತ್ರಿ ಹತ್ತಕ್ಕೆ ಕರೆದರೂ ಬರುತ್ತಿದ್ದ. ಹೊಸ ವಾಹನದ ಒಳಗೇನಿದೆಯೆಂದು ಅವನಿಗೆ ತಿಳಿಯದು. ಜನರು ಯಂತ್ರವನ್ನು ನಂಬುವುದಕ್ಕಿಂತ ಹೆಚ್ಚಾಗಿ ಅದನ್ನು ಬಲ್ಲ ಮನುಷ್ಯನನ್ನು ನಂಬುತ್ತಾರೆ. ಆ ಮನುಷ್ಯನು ಹತ್ತಿರದಲ್ಲಿಲ್ಲದಿರುವುದು ನಿಜವಾದ ಕೊರತೆಯೇ ಸರಿ.

ನಾಲ್ಕನೆಯದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಮನೆಯವರಿಗೆ ಅದು ತಿಳಿದಿತ್ತು. ಸರೀಕರು ದೊಡ್ಡ ಡೀಸೆಲ್ ಗಾಡಿಗಳಲ್ಲಿ ಬಂದಿಳಿಯುವ ಮದುವೆಯ ಮಂಟಪದ ಮುಂದೆ ಸದ್ದಿಲ್ಲದ ಸಣ್ಣ ಕಾರಿನಿಂದ ಇಳಿಯುವುದು ಹೇಗೆ? ವಾಹನವು ಮನುಷ್ಯನನ್ನು ಒಯ್ಯುವುದರ ಜೊತೆಗೆ ಅವನ ಅಂತಸ್ತನ್ನೂ ಹೊತ್ತು ತಿರುಗುತ್ತದೆ. ಈ ಪ್ರತಿಷ್ಠೆಯ ಮಾತು ಎರಡೂ ಕಡೆಗೆ ಎಳೆಯುತ್ತದೆಂಬುದನ್ನು ಮರೆಯಬಾರದು. ವಿದ್ಯುತ್ ಕಾರನ್ನು ಅಗತ್ಯವಿಲ್ಲದಿದ್ದರೂ ಹೊಸತೆಂಬ ಒಂದೇ ಕಾರಣಕ್ಕೆ, ತಾವು ಮುಂದುವರಿದವರೆಂದು ತೋರಿಸಿಕೊಳ್ಳಲು ಕೊಳ್ಳುವವರೂ ಇದ್ದಾರೆ. ಡೌಲಿಗಾಗಿ ಕೊಂಡದ್ದು ಹೊಗೆ ಉಗುಳದಿದ್ದರೂ ಡೌಲೇ.

ಇನ್ನು ಹಣದ ಲೆಕ್ಕ. ವಿಚಾರಿಸಿದ ಕಡೆ ವಿದ್ಯುತ್ ಕಾರಿನ ಬೆಲೆ ಅದೇ ಗಾತ್ರದ ಡೀಸೆಲ್ ಕಾರಿಗಿಂತ ಸುಮಾರು 4 ಲಕ್ಷ ರೂ. ಹೆಚ್ಚಾಗಿತ್ತು. ಹಳೆಯ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತಿತ್ತು, ಅಂದರೆ ಕಿ.ಮೀ.ಗೆ 6 ರೂ. ಖರ್ಚು. ವಿದ್ಯುತ್ ಕಾರು ಒಂದು ಯುನಿಟ್ಟಿಗೆ ಆರೇಳು ಕಿ.ಮೀ. ಓಡುವುದರಿಂದ ಮನೆಯಲ್ಲಿ ಚಾರ್ಜ್ ಮಾಡಿದರೆ ಕಿ.ಮೀ.ಗೆ ಒಂದು ರೂಪಾಯಿಯ ಮೇಲೆ ಸ್ವಲ್ಪ. ಉಳಿತಾಯ ಐದು ರೂಪಾಯಿಯಷ್ಟು. ಹೆಚ್ಚು ಕೊಟ್ಟ 4 ಲಕ್ಷ ಮರಳಿ ಬರಲು 80,000 ಕಿ.ಮೀ. ಓಡಬೇಕು. ದೂರ ಪ್ರಯಾಣವನ್ನು ಬಿಟ್ಟು ಅವರ ಕಾರು ವರ್ಷಕ್ಕೆ 14,000 ಕಿ.ಮೀ. ಓಡುತ್ತಿದ್ದುದರಿಂದ ಆರು ವರ್ಷ ಹಿಡಿಯುತ್ತದೆಂದು ಪುಸ್ತಕದಲ್ಲಿ ಬರೆದುಕೊಂಡರು. ಅದರ ಕೆಳಗೆ ಮತ್ತೊಂದು ಸಾಲನ್ನೂ ಬರೆದರು: ವರ್ಷಕ್ಕೆ 7,000 ಕಿ.ಮೀ. ಮಾತ್ರ ಓಡಿಸುವವನಿಗೆ ಹನ್ನೊಂದು ವರ್ಷಕ್ಕೂ ಹೆಚ್ಚು. ಕಡಿಮೆ ಓಡಾಡುವವನಿಗೆ ದೂರದ ಭಯವಿಲ್ಲ, ಆದರೆ ಲಾಭವೂ ಇಲ್ಲ. ಹೆಚ್ಚು ಓಡಾಡುವವನಿಗೆ ಲಾಭವುಂಟು, ಆದರೆ ದೂರದ ಭಯವೂ ಉಂಟು. ಇವೆರಡರ ನಡುವೆ, ದಿನವೂ ತಕ್ಕಮಟ್ಟಿಗೆ ಓಡಾಡಿ ರಾತ್ರಿ ಸ್ವಂತ ಮನೆಗೆ ಮರಳುವವನಿಗೇ ಈ ವಾಹನವು ಸರಿಯಾಗಿ ಒಪ್ಪುತ್ತದೆ.

ಈ ಮಾತಿನ ಸತ್ಯವು ಅದೇ ಬಂಧುಬಳಗದ ಇತರರನ್ನು ನೋಡಿದಾಗ ಇನ್ನಷ್ಟು ತಿಳಿಯುತ್ತದೆ. ಮಗಳ ಸಹೋದ್ಯೋಗಿಯೊಬ್ಬರು ಕೊಪ್ಪಳದಲ್ಲಿ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ವಾಸವಾಗಿದ್ದಾರೆ. ವಿದ್ಯುತ್ ಕಾರಿನಲ್ಲಿ ಅವರಿಗೆ ಎಲ್ಲರಿಗಿಂತ ಹೆಚ್ಚಿನ ಆಸಕ್ತಿ. ಆದರೆ ಕಾರನ್ನು ಬೀದಿಯಲ್ಲಿಯೇ ನಿಲ್ಲಿಸಬೇಕು, ಕೆಳಗಿನವರೆಗೆ ತಂತಿ ಎಳೆಯಲು ಮನೆಯ ಮಾಲೀಕರು ಒಪ್ಪುವುದಿಲ್ಲ. ಇನ್ನೊಂದು ತೊಡಕು ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯದು. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ತಿಂಗಳ ಬಳಕೆ 200 ಯುನಿಟ್ ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಅವರ ಮನೆಯ ಬಳಕೆ 90 ಯುನಿಟ್. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರಿಗೆ ಸುಮಾರು 150 ಯುನಿಟ್ ಬೇಕು. ಎರಡೂ ಕೂಡಿದರೆ ಮಿತಿ ದಾಟಿ, ಉಚಿತವಾಗಿ ದೊರೆಯುತ್ತಿದ್ದುದೂ ಕೈಬಿಡುತ್ತದೆ. ವಾಹನಕ್ಕೆ ಪ್ರತ್ಯೇಕ ಮೀಟರು ಪಡೆಯುವ ಅವಕಾಶವುಂಟು. ಆದರೆ ಅದಕ್ಕೂ ಮಾಲೀಕರ ಒಪ್ಪಿಗೆ ಬೇಕು. ಇಂಥವರ ಹಿಂಜರಿಕೆಯನ್ನು ಅಜ್ಞಾನವೆಂದು ಕರೆಯುವುದು ತಪ್ಪಾಗುತ್ತದೆ.

ಕುಷ್ಟಗಿಯಲ್ಲಿ ಆ ಮನೆತನಕ್ಕೆ ಪರಿಚಿತನಾದ ಬಾಡಿಗೆ ಕಾರಿನ ಚಾಲಕನೊಬ್ಬನಿದ್ದಾನೆ. ಹೊಸಪೇಟೆಯಿಂದ ವಿಜಯಪುರದ ಕಡೆಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯು ಆ ಊರಿನ ಮೂಲಕವೇ ಹಾದುಹೋಗುತ್ತದೆ. ಅವನ ಗಳಿಕೆಯ ದೊಡ್ಡ ಪಾಲು ಡೀಸೆಲ್ಲಿಗೆ ಹೋಗುತ್ತದೆ. ಆದಕಾರಣ ವಿದ್ಯುತ್ ಕಾರಿನ ಲಾಭವನ್ನು ಅವನಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಲಗ್ನದ ಹಂಗಾಮಿನಲ್ಲಿ ಒಂದು ಬಾಡಿಗೆಯಿಂದ ಇನ್ನೊಂದು ಬಾಡಿಗೆಗೆ ಓಡುವವನು ದಾರಿಯಲ್ಲಿ ಒಂದು ತಾಸು ಕಾಯಲಾರ. "ಗಾಡಿ ನಿಂತರ ಇವತ್ತಿನ ಬಾಡಿಗಿ ಅಷ್ಟ ಅಲ್ರೀ, ಮುಂದಿನ ವರ್ಷದ ಗಿರಾಕಿನೂ ಹೋಗತಾನ" ಎನ್ನುತ್ತಾನೆ. ದಾರಿಯ ಚಾರ್ಜಿಂಗ್ ಕೇಂದ್ರಗಳಲ್ಲಿ ಮನೆಯ ದರದ ಎರಡು ಮೂರು ಪಟ್ಟು ತೆರಬೇಕಾಗುವುದರಿಂದ ಉಳಿತಾಯವೂ ಕರಗುತ್ತದೆ. ಸಾಲದ ಕಂತು ಕಟ್ಟುವವನಿಗೆ ಪ್ರಯೋಗ ಮಾಡುವ ಸ್ವಾತಂತ್ರ್ಯವಿರುವುದಿಲ್ಲ.

ಯಲಬುರ್ಗಾದ ಹತ್ತಿರ ಗೃಹಸ್ಥರ ಪತ್ನಿಯ ಅಣ್ಣನವರ ಒಣಬೇಸಾಯವಿದೆ. ಯಲಬುರ್ಗಾ, ಕುಷ್ಟಗಿ ಪ್ರದೇಶದ ಕಪ್ಪು ನೆಲದಲ್ಲಿ ಇಂದು ಎತ್ತ ನೋಡಿದರೂ ಗಾಳಿಯಂತ್ರಗಳು. ದೇಶಕ್ಕೆ ಪವನ ವಿದ್ಯುತ್ತನ್ನು ಒದಗಿಸುವ ಮುಖ್ಯ ವಲಯಗಳಲ್ಲಿ ಕೊಪ್ಪಳ ಜಿಲ್ಲೆಯೂ ಒಂದಾಗಿದೆ. ಆ ಯಂತ್ರಗಳ ಕೆಳಗೇ ಇರುವ ಹಳ್ಳಿಯ ಮನೆಯಲ್ಲಿ ಕರೆಂಟು ಹೋಗಿಬಂದು ಮಾಡುತ್ತದೆ. "ಗಾಳಿ ನಮ್ಮ ಹೊಲದ್ದು ಐತಿ, ಕರೆಂಟ್ ಯಾವೂರಿಗೆ ಹೋಗತೈತೋ ಆ ದೇವರಿಗೇ ಗೊತ್ತು" ಎಂದು ಮಾವನವರು ಸೊಸೆಯ ಮುಂದೆ ನಕ್ಕರು. ಯಂತ್ರಗಳ ವಿದ್ಯುತ್ತು ಎತ್ತರದ ತಂತಿಗಳಲ್ಲಿ ದೂರದ ಜಾಲವನ್ನು ಸೇರುತ್ತದೆ. ಹಳ್ಳಿಗೆ ಬರುವ ತಂತಿಯ ವ್ಯವಸ್ಥೆಯೇ ಬೇರೆ. ಇದನ್ನು ವಿವರಿಸಬಹುದು, ವಿವರಣೆಯಿಂದ ಕಾರು ಚಾರ್ಜ್ ಆಗುವುದಿಲ್ಲ. ಅವರ ಮನೆಗೆ ಇರುವುದೊಂದೇ ಕಾರು. ಓಣಿಯಲ್ಲಿ ಹೆರಿಗೆಯಾದರೂ ಹಾವು ಕಚ್ಚಿದರೂ ನಡುರಾತ್ರಿ ಅದೇ ಕಾರು ಹೊರಡಬೇಕು. ಅಂಥ ಮನೆಯವರು ಸದಾ ಸಿದ್ಧವಾಗಿರುವ ವಾಹನವನ್ನೇ ಬಯಸಿದರೆ ಅದು ವಿವೇಕವೇ ಹೊರತು ಅಂಜುಬುರುಕುತನವಲ್ಲ.

ಹೀಗೆ ನಾಲ್ಕು ಊರುಗಳ ನಾಲ್ಕು ಮನೆಗಳಿಗೆ ನಾಲ್ಕು ಉತ್ತರಗಳು. ಎಲ್ಲರಿಗೂ ಒಂದೇ ಉಪದೇಶ ಮಾಡುವವರು ಇದನ್ನು ಗಮನಿಸಬೇಕು.

ಹಿಂಸೆಯ ದೃಷ್ಟಿಯಿಂದಲೂ ಈ ವಿಷಯವನ್ನು ಪ್ರಾಮಾಣಿಕವಾಗಿ ನೋಡಬೇಕಾಗಿದೆ. ವಿದ್ಯುತ್ ಕಾರು ಹೊಗೆ ಉಗುಳುವುದಿಲ್ಲವೆಂಬುದು ನಿಜ. ಅದರಿಂದ ಯಾರಿಗೂ ಹೊಗೆ ತಟ್ಟುವುದಿಲ್ಲವೆಂಬುದು ನಿಜವಲ್ಲ. ಕೊಪ್ಪಳ ಜಿಲ್ಲೆಯ ಒಂದು ಪಕ್ಕದಲ್ಲಿ ರಾಯಚೂರಿನ ಶಕ್ತಿನಗರ, ಇನ್ನೊಂದು ಪಕ್ಕದಲ್ಲಿ ಬಳ್ಳಾರಿಯ ಕುಡತಿನಿ; ಎರಡೂ ಕಡೆ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವ ಕೇಂದ್ರಗಳಿವೆ. ರಾತ್ರಿ ಗಂಗಾವತಿಯಲ್ಲಿ ಕಾರು ತುಂಬುವ ವಿದ್ಯುತ್ತಿನಲ್ಲಿ ಗಾಳಿಯ ಪಾಲೂ ಇರುತ್ತದೆ, ಮುನಿರಾಬಾದಿನ ನೀರಿನ ಪಾಲೂ ಇರುತ್ತದೆ, ಆ ಕಲ್ಲಿದ್ದಲಿನ ಪಾಲೂ ಇರುತ್ತದೆ. ಆದರೂ ಡೀಸೆಲ್ ಯಂತ್ರವು ತೈಲದ ಶಕ್ತಿಯಲ್ಲಿ ಹೆಚ್ಚಿನದನ್ನು ಬಿಸಿಯಾಗಿ ಹೊರಹಾಕಿಬಿಡುತ್ತದೆ. ವಿದ್ಯುತ್ ಮೋಟಾರಿನಲ್ಲಿ ಪೋಲಾಗುವುದು ಅಲ್ಪ. ಗಾಳಿ ಬಿಸಿಲುಗಳ ಪಾಲು ಹೆಚ್ಚಿದಂತೆ ಅದೇ ಕಾರು ಇನ್ನಷ್ಟು ಶುದ್ಧವಾಗುತ್ತಾ ಹೋಗುತ್ತದೆ. ಡೀಸೆಲ್ ಕಾರು ಹಳತಾದಂತೆ ಹೊಗೆ ಹೆಚ್ಚಿಸುತ್ತದೆ. ಬ್ಯಾಟರಿಯ ವಿಷಯವೂ ಹೀಗೆಯೇ. ಕೆಲವು ಬಗೆಯ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್ ಬಹುಮಟ್ಟಿಗೆ ಆಫ್ರಿಕದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿನ ಕೆಲವು ಗಣಿಗಳಲ್ಲಿ ಮಕ್ಕಳೂ ದುಡಿಯುವ ಸಂಗತಿ ಜಗತ್ತಿಗೆ ತಿಳಿದಿದೆ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಬ್ಯಾಟರಿಯಲ್ಲಿ ಕೋಬಾಲ್ಟ್ ಇರುವುದಿಲ್ಲ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿಯುವುದು ಕಷ್ಟವೇನಲ್ಲ. ಗೃಹಸ್ಥರು ಕೇಳಿದರು. ಅಂಗಡಿಯವನಿಗೆ ಅದು ಹೊಸ ಪ್ರಶ್ನೆಯಾಗಿತ್ತು. ವಿಚಾರಿಸಿ ಮರುದಿನ ಉತ್ತರ ಹೇಳಿದನು.

2025ರ ಆರಂಭದಲ್ಲಿ ಕೊಳ್ಳುವುದೆಂದು ನಿರ್ಧಾರವಾಯಿತು. ಆಗ ಮನೆಯಲ್ಲಿ ಕೊನೆಯ ಚರ್ಚೆಯೊಂದು ನಡೆಯಿತು. ಇಡೀ ಪ್ರಸಂಗದಲ್ಲಿ ಅದೇ ಮುಖ್ಯವಾದದ್ದು. ಹಳೆಯ ಡೀಸೆಲ್ ಕಾರನ್ನು ಮಾರದೆ ದೂರ ಪ್ರಯಾಣಕ್ಕೆಂದು ಇಟ್ಟುಕೊಳ್ಳೋಣವೆಂದು ತಂದೆಯ ವಿಚಾರ. ಮಾರಿದರೆ ಬರುವ ಹಣವೂ ಅಷ್ಟೇನಿರಲಿಲ್ಲ. ಇಷ್ಟು ದಿನ ಲೆಕ್ಕದ ಮಾತನ್ನೇ ಆಡಿದ್ದ ಮಗಳು ಅಂದು ಮಾತ್ರ ಬೇರೆ ಮಾತನಾಡಿದಳು: "ಭಯಕ್ಕ ಒಂದು, ದಿನಕ್ಕ ಒಂದು ಅಂತ ಎರಡು ಗಾಡಿ ಇಟ್ಟರ ಕಡಿಮಿ ಆದದ್ದೇನಪ್ಪಾ?" ತಾಯಿಯೂ ಅದೇ ಸರಿಯೆಂದರು. ಒಂದು ರಾತ್ರಿ ಯೋಚಿಸಿ ಅವರು ಹಳೆಯ ಕಾರನ್ನು ಮಾರಿದರು. ಹಾನಿಯನ್ನು ತಗ್ಗಿಸಲೆಂದು ತಂದ ವಸ್ತುವು ಇದ್ದ ವಸ್ತುವಿನ ಜೊತೆಗೆ ಸೇರಿಕೊಂಡರೆ ಆಗುವುದು ಸಂಗ್ರಹವೇ ವಿನಾ ತಗ್ಗುವಿಕೆಯಲ್ಲ. ವಿದ್ಯುತ್ ಕಾರಿನ ಪ್ರಚಾರದಲ್ಲಿ ಈ ಮಾತು ಎಲ್ಲಿಯೂ ಕಾಣಸಿಗುವುದಿಲ್ಲ.

ಹಾಗಾದರೆ ದೂರ ಪ್ರಯಾಣ? ಗಂಗಾವತಿಗೆ 2019ರಿಂದ ರೈಲಿದೆ. ರೈಲಿಗೆ ಹೊಂದದ ಪ್ರಯಾಣಕ್ಕೆ ಕುಷ್ಟಗಿಯ ಆ ಚಾಲಕನನ್ನೇ ಕರೆಯುವುದೆಂದು ಗೊತ್ತುಮಾಡಿಕೊಂಡರು. ವರ್ಷಕ್ಕೆ ನಾಲ್ಕೈದು ದೂರದ ಬಾಡಿಗೆ ಅವನಿಗೂ ಸಿಕ್ಕಂತಾಯಿತು. ಆ ಖರ್ಚನ್ನೂ ಪುಸ್ತಕದಲ್ಲಿ ಬರೆದು, ಉಳಿತಾಯದಿಂದ ಕಳೆದರು. ಆರು ವರ್ಷದ ಲೆಕ್ಕ ಏಳಕ್ಕೆ ಸರಿಯಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಅದೇ ಬೇಸಿಗೆಯಲ್ಲಿ ಅವರು ಧೈರ್ಯ ಮಾಡಿ ಹುಬ್ಬಳ್ಳಿಗೆ ಹೊಸ ಕಾರನ್ನೇ ಒಯ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಎ.ಸಿ. ಹಾಕಿದ್ದರಿಂದ ಓಟ ತಗ್ಗಿ, ಊರು ಸೇರುವ ಹೊತ್ತಿಗೆ ಬ್ಯಾಟರಿಯಲ್ಲಿ ಶೇ. 14 ಮಾತ್ರ ಉಳಿದಿತ್ತು. ನೆಚ್ಚಿ ಹೋದ ಚಾರ್ಜಿಂಗ್ ಕೇಂದ್ರ ಕೆಟ್ಟುನಿಂತಿತ್ತು. ಎರಡನೆಯ ಕೇಂದ್ರದಲ್ಲಿ ಮುಂದೆ ಎರಡು ಕಾರುಗಳು. ಮನೆ ತಲುಪಿದಾಗ ರಾತ್ರಿ ಹನ್ನೊಂದೂವರೆ. ಇನ್ನೊಂದು ದಿನ ಗಿರಣಿಯ ಓಣಿಯಲ್ಲಿ ಸದ್ದಿಲ್ಲದೆ ಬಂದ ಕಾರನ್ನು ಅರಿಯದೆ ಆಡಿನ ಮರಿಯೊಂದು ಗಾಲಿಗೆ ಅಡ್ಡ ಬಂದು ಕೂದಲೆಳೆಯಷ್ಟರಲ್ಲಿ ಉಳಿಯಿತು. ಡೀಸೆಲ್ ಕಾರಿನ ಸದ್ದಿಗೆ ದನಕರುಗಳು ತಾವಾಗಿಯೇ ಸರಿಯುತ್ತಿದ್ದವು. ಅಂದಿನಿಂದ ಅವರು ಓಣಿಯೊಳಗೆ ನಡೆಯುವ ವೇಗದಲ್ಲಿ ಮಾತ್ರ ಕಾರು ನಡೆಸುತ್ತಾರೆ.

ಈ ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಹೊಸ ಕಾರನ್ನು ಕಂಡು ವಿಚಾರಿಸಲು ಬರುವವರು ಹಲವರು. ಇಂಥ ವಿಷಯದಲ್ಲಿ ಜನರು ಜಾಹೀರಾತಿಗಿಂತ ಬಳಸಿದವನ ಮಾತಿಗೆ ಬೆಲೆ ಕೊಡುತ್ತಾರೆ. ಅಲ್ಲಿಯೇ ಬಳಸಿದವನ ಹೊಣೆಯೂ ಇದೆ. ದುಬಾರಿ ವಸ್ತುವನ್ನು ಕೊಂಡವನು ತನ್ನ ಆಯ್ಕೆ ಸರಿಯೆಂದು ಸಾಧಿಸಲು ಅದರ ಕುಂದನ್ನು ಮುಚ್ಚಿಡುವುದು ಸಾಮಾನ್ಯ. ಹಾಗೆ ಮುಚ್ಚಿಟ್ಟ ಮಾತನ್ನು ನಂಬಿ ಕೊಂಡವನೊಬ್ಬನು ನಡು ದಾರಿಯಲ್ಲಿ ನಿಂತರೆ ಆ ಸುಳ್ಳಿನ ಭಾರ ಹೇಳಿದವನ ಮೇಲೆಯೇ ಬೀಳುತ್ತದೆ. ಕೊಳ್ಳದವನು ತನ್ನ ಅಂಜಿಕೆಗೆ ಸಮರ್ಥನೆಯಾಗಿ ಕೇಳಿದ ಅಪಘಾತದ ಸುದ್ದಿಗಳನ್ನು ಹರಡುವುದೂ ಅದೇ ದೋಷದ ಇನ್ನೊಂದು ಮುಖ.

ಗಂಗಾವತಿಯ ಗೃಹಸ್ಥರು ಬಂದವರಿಗೆ ಕಾರಿನ ಹೊಗಳಿಕೆಯನ್ನಾಗಲಿ ತೆಗಳಿಕೆಯನ್ನಾಗಲಿ ಮಾಡುವುದಿಲ್ಲ. ಹುಬ್ಬಳ್ಳಿಯ ಪುಟವನ್ನೂ ಆಡಿನ ಮರಿಯ ಪುಟವನ್ನೂ ತೆರೆದು ತೋರಿಸುತ್ತಾರೆ. ಆಮೇಲೆ ಮಗಳು ತಮಗೆ ಕೇಳಿದ ಪ್ರಶ್ನೆಯನ್ನೇ ಕೇಳುತ್ತಾರೆ: ದಿನಕ್ಕೆ ಎಷ್ಟು ಓಡುತ್ತೀರಿ, ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ? ಹೆಚ್ಚಿನವರಿಗೆ ಉತ್ತರ ತಿಳಿದಿರುವುದಿಲ್ಲ. ಅಂಥವರಿಗೆ ಮೂರು ತಿಂಗಳು ಬರೆದು ನೋಡಿ ಬನ್ನಿರೆನ್ನುತ್ತಾರೆ. ಕೆಲವರು ಬರೆದು, ತಮಗೆ ವಿದ್ಯುತ್ ಕಾರು ಒಪ್ಪುತ್ತದೆಂದು ಕಂಡುಕೊಂಡಿದ್ದಾರೆ. ಕೆಲವರು ತಮಗದು ಒಪ್ಪುವುದಿಲ್ಲವೆಂದು ಕಂಡುಕೊಂಡಿದ್ದಾರೆ. ಬರೆದು ನೋಡಿದ ಒಬ್ಬರಿಗಂತೂ ತಮಗೆ ಹೊಸ ಕಾರೇ ಬೇಕಾಗಿಲ್ಲವೆಂದು ತಿಳಿಯಿತು. ಇದ್ದ ಸ್ಕೂಟರನ್ನೇ ರಿಪೇರಿ ಮಾಡಿಸಿಕೊಂಡರು. ಪುಸ್ತಕದಿಂದ ಆದ ದೊಡ್ಡ ಉಳಿತಾಯ ಅವರದೇ ಎಂದು ಗೃಹಸ್ಥರು ಸಂತೋಷದಿಂದ ಹೇಳಿಕೊಳ್ಳುತ್ತಾರೆ.